ಐದು ಮೊಳದ ಬೊಂತೆ

ಸಾವಿರದೊಂಬೈನೂರ ಎಂಬತ್ತೊಂದರ ಚಳಿಗಾಲದಲ್ಲಿ ಗುಬ್ಬಿ ಪೇಟೆಯಲ್ಲಿ ಒಂದು ಮಿಲ್ ರಗ್ಗಿನ ಬೆಲೆ ನಲವತ್ತೆರಡು ರೂಪಾಯಿ. ಉಣ್ಣೆ ಕಂಬಳಿಯಾದರೆ ಎಂಬತ್ತಕ್ಕೆ ಒಂದು ಪೈಸೆ ಕಡಿಮೆ ಇಲ್ಲ. ಬೊಂತೆಗೆ ಬೇಕಾದದ್ದು ಎರಡು ಹಳೆಯ ಸೀರೆ, ತಲಾ ಮುಕ್ಕಾಲು ರೂಪಾಯಿಯ ಮೂರು ಉಂಡೆ ದಾರ, ತಲಾ ಹತ್ತು ಪೈಸೆಯ ಎರಡು ಸೂಜಿ. ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೆ ಒತ್ತೊತ್ತಾಗಿ ದಾರ ಓಡಿಸಿದರೆ ಹತ್ತು ವರ್ಷ ಬಾಳುವ ಹೊದಿಕೆ. ಕೂಲಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನು ದಾರಿಬುತ್ತಿಗೆ ರೊಟ್ಟಿ. ರಾಗಿ ಮನೆಯದೇ, ಬೀಸಿದ್ದಕ್ಕೆ ನಲವತ್ತು ಪೈಸೆ. ಅವರೆಕಾಯಿ ಎರಡು ಕೆಜಿಗೆ ಎರಡು ರೂಪಾಯಿ. ಎಲ್ಲ ಸೇರಿ ಐದು ರೂಪಾಯಿಗೆ ಹದಿನೈದು ಪೈಸೆ ಕಡಿಮೆ. ಸೊಸೆಯನ್ನು ತವರಿಗೆ ಕಳಿಸಲು ಸಿದ್ದಗಂಗಮ್ಮ ಹಾಕಿಕೊಂಡ ಖರ್ಚು ಅಷ್ಟು.

ಸೊಸೆ ರಂಗಲಕ್ಷ್ಮಮ್ಮ. ಮನೆಯಲ್ಲಿ ರಂಗಿ. ಇಪ್ಪತ್ನಾಲ್ಕು ವರ್ಷದ ಕುಳ್ಳನೆಯ ಹೆಣ್ಣು, ಎಸ್ಸೆಲ್ಸಿ ಪಾಸು, ಮಾತು ಕಡಿಮೆ. ಸಿದ್ದಗಂಗಮ್ಮನ ಹಿರಿಮಗ ಶಿವರಾಮಯ್ಯನನ್ನು ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಶಿವರಾಮಯ್ಯ ಗುಬ್ಬಿಯಲ್ಲೇ ನೀರಾವರಿ ಕಚೇರಿಯಲ್ಲಿ ಅಟೆಂಡರ್ ಆಗಿದ್ದ. ಶ್ರಾವಣದಲ್ಲಿ ಕಾಮಾಲೆ ಬಂತು. ನಾಟಿ ಔಷಧಿ ಕುಡಿಸಿದರು, ಪಥ್ಯ ಮಾಡಿಸಿದರು, ಹನ್ನೊಂದನೆಯ ದಿನ ತುಮಕೂರಿನ ಆಸ್ಪತ್ರೆಗೆ ಕರೆದೊಯ್ದರು. ಗೌರಿ ಹಬ್ಬ ಕಳೆದ ಮೂರನೆಯ ದಿನ ಅವನು ತೀರಿಕೊಂಡ.

ಅಂದು ಎಲ್ಲರೆದುರು ಎದೆ ಬಡಿದುಕೊಂಡು ಅತ್ತದ್ದೇ ಕೊನೆ, ಸಿದ್ದಗಂಗಮ್ಮನಿಗೆ ಆಮೇಲೆ ಅಳು ಬರಲಿಲ್ಲ. ಹಸಿವೂ ಆಗುತ್ತಿರಲಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಳು. ನಿದ್ದೆ ಬರುತ್ತಿತ್ತು, ಕನಸು ಬೀಳುತ್ತಿರಲಿಲ್ಲ. ಗಂಡ ಅಡವಿಯಪ್ಪ ಸತ್ತಾಗ ಹೀಗಿರಲಿಲ್ಲ. ಆಗ ಬೈದಿದ್ದಳು, ಕೂಗಾಡಿದ್ದಳು, ಇಬ್ಬರು ಗಂಡುಮಕ್ಕಳ ಮುಖ ನೋಡಿ ಎದ್ದು ಕೆಲಸಕ್ಕೆ ನಿಂತಿದ್ದಳು. ಈ ಸಲ ಒಳಗೆ ಎಲ್ಲವೂ ಮರಗಟ್ಟಿತ್ತು. ಜನ ಬಂದು ಕೈ ಹಿಡಿದುಕೊಂಡು ಅತ್ತರೆ, ಇವರು ಎಷ್ಟು ಹೊತ್ತಿಗೆ ಹೊರಡುತ್ತಾರೋ, ಕಾಫಿಗೆ ಹಾಲು ಇದೆಯೋ ಇಲ್ಲವೋ ಎಂದಷ್ಟೇ ಯೋಚನೆ ಬರುತ್ತಿತ್ತು.

ಶಿವರಾಮಯ್ಯ ಸತ್ತ ತಿಂಗಳಿಗೆ ತುಮಕೂರಿನ ಕಚೇರಿಯಿಂದ ಹೇಳಿಕಳಿಸಿದರು. ಸರ್ವಿಸಿನಲ್ಲಿದ್ದಾಗಲೇ ಸತ್ತವನ ಮನೆಯವರಲ್ಲಿ ಒಬ್ಬರಿಗೆ ಅದೇ ಕೆಲಸ ಸಿಗುತ್ತದೆ. ತಿಂಗಳಿಗೆ ನಾನೂರು ಚಿಲ್ಲರೆ ಸಂಬಳ. ಮೊದಲ ಹಕ್ಕು ಹೆಂಡತಿಗೆ. ಅವಳು ಬೇಡವೆಂದು ಬರೆದುಕೊಟ್ಟು, ತಾಯಿಯೂ ಒಪ್ಪಿದರೆ ತಮ್ಮನಿಗೆ. ಹೆಂಡತಿಗಾದರೆ ತಾಯಿಯ, ತಮ್ಮನಿಗಾದರೆ ಹೆಂಡತಿ ತಾಯಿ ಇಬ್ಬರ ಒಪ್ಪಿಗೆಯೂ ಛಾಪಾ ಕಾಗದದ ಮೇಲೆ ಇರಬೇಕು, ವರ್ಷ ಮುಗಿಯುವುದರೊಳಗೆ ತಂದುಕೊಡಿ ಎಂದರು. ತಮ್ಮ ಆಂಜನಪ್ಪನಿಗೆ ಇಪ್ಪತ್ತಾರು ತುಂಬಿತ್ತು. ಎಸ್ಸೆಲ್ಸಿಯಲ್ಲಿ ಎರಡು ಸಲ ಕೂತು ಎದ್ದವನು. ಬಸ್ ಸ್ಟ್ಯಾಂಡಿನಲ್ಲಿ ಏಜೆಂಟರ ಜೊತೆ ನಿಂತು ಜನರನ್ನು ಬಸ್ಸಿಗೆ ಹತ್ತಿಸಿ ದಿನದ ಖರ್ಚು ನೋಡಿಕೊಳ್ಳುತ್ತಿದ್ದ. ಊರ್ಡಿಗೆರೆಯಲ್ಲಿ ಅವನಿಗೊಂದು ಹೆಣ್ಣು ಗೊತ್ತಾಗಿತ್ತು. ನೌಕರಿ ಆಗಲಿ, ಮದುವೆ ಮಾಡಿಕೊಡೋಣ ಎಂದು ಹೆಣ್ಣಿನ ಅಪ್ಪ ಕಾಯುತ್ತಿದ್ದ.

ರಂಗಿಯನ್ನು ಕೇಳಿದಾಗ ಅವಳು ಒಂದೇ ಮಾತು ಹೇಳಿದ್ದಳು, ಅತ್ತೆ ಹೆಂಗ್ ಹೇಳಿದ್ರೆ ಹಂಗೆ, ನಾನು ಸೈನ್ ಹಾಕ್ತೀನಿ ಎಂದು. ಹೀಗಾಗಿ ಅಷ್ಟೂ ಭಾರ ಸಿದ್ದಗಂಗಮ್ಮನ ತಲೆಯ ಮೇಲೆ ಬಂದು ಕೂತಿತ್ತು. ಅವಳು ಮೂರು ತಿಂಗಳು ಏನೂ ಹೇಳದೆ ತಳ್ಳಿದಳು. ಸೊಸೆಗೆ ಕೊಡಿಸಿದರೆ ಅವಳು ಚಿಕ್ಕವಳು, ನಾಳೆ ತವರಿಗೆ ಹೋದರೆ ಸಂಬಳವೂ ಹೋಯಿತು, ಮಗನೂ ಎದುರು ಬಿದ್ದ. ಮಗನಿಗೆ ಕೊಡಿಸಿದರೆ ಕೊನೆಗಾಲಕ್ಕೆ ಒಂದು ಹಿಡಿ ಅನ್ನಕ್ಕೆ ದಾರಿ. ಹೀಗೆ ಕೂಡಿ ಕಳೆದು, ಮಗನಿಗೇ ಆಗಲಿ ಎಂದುಕೊಂಡಿದ್ದಳು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ರಂಗಿಯ ಅಣ್ಣ ರಾಮಾಂಜಿನಯ್ಯನಿಗೆ, ಬಂದು ತಂಗಿಯನ್ನು ಕರೆದುಕೊಂಡು ಹೋಗು ಎಂದು ಕಡಬಕ್ಕೆ ಕಾರ್ಡು ಬರೆಸಿದಳು. ಅದರಿಂದಲೇ ಎಲ್ಲರಿಗೂ ಅರ್ಥವಾಯಿತು.

ಡಿಸೆಂಬರ್ ಇಪ್ಪತ್ತೆಂಟು, ಸೋಮವಾರ. ಮಧ್ಯಾಹ್ನ ಆಂಜನಪ್ಪ ಕಾಗದ ಬರೆಸಿಕೊಂಡು ಬರುವವನಿದ್ದ. ನಾಲ್ಕು ಗಂಟೆಯ ಬಸ್ಸಿಗೆ ರಾಮಾಂಜಿನಯ್ಯ ಬರುವವನಿದ್ದ.

ಸಿದ್ದಗಂಗಮ್ಮ ಎದ್ದಾಗ ಹಿತ್ತಲಿನ ತೆಂಗಿನ ಮರಗಳ ಸುಳಿ ಕಾಣದಷ್ಟು ಮಂಜು ಕವಿದಿತ್ತು. ರಂಗಿ ಆಗಲೇ ಒಲೆ ಹಚ್ಚಿ ಅವರೆಕಾಳು ಬೇಯಿಸಿದ್ದಳು. ಅಡುಗೆಮನೆಯ ತುಂಬ ಸೊಗಡಿನ ವಾಸನೆ. ಸಿದ್ದಗಂಗಮ್ಮ ರಾಗಿಹಿಟ್ಟಿಗೆ ಬೆಂದ ಕಾಳು, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಹಾಕಿ, ಬಿಸಿನೀರು ಬೆರೆಸಿ ನಾದಿದಳು. ನಾದುವುದು ಅತ್ತೆ, ತಟ್ಟುವುದು ಸೊಸೆ, ಹೆಂಚಿನ ಮೇಲೆ ತಿರುವಿ ಹಾಕುವುದು ಮತ್ತೆ ಅತ್ತೆ. ನಾಲ್ಕು ವರ್ಷದಿಂದ ಹಾಗೇ ನಡೆದುಬಂದಿತ್ತು. ರಂಗಿ ಒದ್ದೆಬಟ್ಟೆಯ ಮೇಲೆ ಮುದ್ದೆ ಇಟ್ಟು, ನೀರು ಮುಟ್ಟಿಕೊಂಡು, ಅಂಚು ಬಿರಿಯದಂತೆ ಸುತ್ತ ತಟ್ಟಿ, ನಡುವೆ ಬೆರಳಿನಿಂದ ತೂತು ಮಾಡಿ ಕೊಡುವಳು. ಸಿದ್ದಗಂಗಮ್ಮ ಅದನ್ನು ಬಟ್ಟೆಸಮೇತ ಎತ್ತಿ ಹೆಂಚಿಗೆ ಮಗುಚಿ, ತೂತಿಗೆ ಎಣ್ಣೆ ಬಿಡುವಳು.

ಐದನೆಯದೋ ಆರನೆಯದೋ ರೊಟ್ಟಿ ಬೇಯುವಾಗ ರಂಗಿ ಇದ್ದಕ್ಕಿದ್ದಂತೆ ಅತ್ತೆಯ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದಳು.

“ಅತ್ತೆ, ಕೈ.”

ಸಿದ್ದಗಂಗಮ್ಮ ನೋಡಿಕೊಂಡಳು. ಎಡಗೈಯ ಕಿರುಬೆರಳು ಹೆಂಚಿಗೆ ತಾಗಿಕೊಂಡೇ ಇತ್ತು. ಬದಿಯಲ್ಲಿ ಚರ್ಮ ಬೆಳ್ಳಗಾಗಿತ್ತು. ಉರಿ ಗೊತ್ತಾಗಿರಲಿಲ್ಲ. ರಂಗಿ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿದಳು. ಇಬ್ಬರೂ ಉಳಿದ ಹಿಟ್ಟು ಮುಗಿಸಿದರು. ಎಂಟು ರೊಟ್ಟಿಯನ್ನು ಮುತ್ತುಗದ ಎಲೆಯಲ್ಲಿ ಹುಚ್ಚೆಳ್ಳು ಚಟ್ನಿಯ ಜೊತೆ ಕಟ್ಟಿ, ರಂಗಿಯ ಟ್ರಂಕಿನ ಮೇಲೆ ಇಟ್ಟರು. ಮನೆಗೆ ಆರು ಉಳಿಸಿ ಮುಚ್ಚಿಟ್ಟರು.

ಒಂಬತ್ತರ ಹೊತ್ತಿಗೆ ಮನೆಮುಂದಿನ ಅಂಗಳಕ್ಕೆ ಬಿಸಿಲು ಬಂತು. ಚಾಪೆ ಹಾಸಿ ಬೊಂತೆಯ ಕೆಲಸಕ್ಕೆ ಕೂತರು. ಬೊಂತೆ ಒಂದೇ ದಿನದಲ್ಲಿ ಮುಗಿಯುವ ಕೆಲಸವಲ್ಲ. ಇವತ್ತು ನಾಲ್ಕು ಅಂಚು ಕೂಡಿಸಿ ಒಂದೆರಡು ಸುತ್ತು ಹೊಲಿದುಕೊಟ್ಟರೆ ಉಳಿದದ್ದನ್ನು ರಂಗಿ ಕಡಬದಲ್ಲಿ ಕೂತು ಮುಗಿಸಿಕೊಳ್ಳುತ್ತಾಳೆ. ಶಿವರಾಮಯ್ಯ ಸತ್ತ ದಿನ ಅವನ ಹಾಸಿಗೆ ಹೊದಿಕೆಯನ್ನೆಲ್ಲ ಸುಟ್ಟುಬಿಟ್ಟಿದ್ದರು. ಆಮೇಲೆ ಅವಳು ಒಂದು ತೆಳು ದುಪ್ಪಟಿ ಹೊದ್ದು ದಿನ ನೂಕಿದ್ದಳು. ಅಣ್ಣನ ಮನೆಗೆ ಹೊದಿಕೆಯೂ ಇಲ್ಲದೆ ಹೋದರೆ ಅತ್ತಿಗೆಯ ಬಾಯಿಗೆ ಬೀಳುತ್ತಾಳೆ. ಸಿದ್ದಗಂಗಮ್ಮನಿಗೆ ಆ ಮಟ್ಟಿಗೆ ಲೋಕ ಗೊತ್ತಿತ್ತು.

ಎರಡು ಸೀರೆ ತೆಗೆದಿದ್ದರು. ಒಂದು ಸಿದ್ದಗಂಗಮ್ಮನ ಬೂದುಬಣ್ಣದ್ದು, ಇನ್ನೊಂದು ರಂಗಿಯ ಹಸಿರು ಸೀರೆ. ಎರಡೂ ಹದಿನಾರು ಮೊಳದವು, ಒಗೆದು ಒಗೆದು ಮೆತ್ತಗಾದವು. ಬೊಂತೆ ಹೊಲಿಯುವವರಿಗೆ ಇದರಲ್ಲಿ ಒಂದು ಸಲೀಸು ಇದೆ. ಹದಿನಾರು ಮೊಳದ ಸೀರೆಯನ್ನು ನಾಲ್ಕು ಮಡಿಕೆ ಮಾಡಿದರೆ ನಾಲ್ಕು ಮೊಳದ ಬೊಂತೆ. ಹರಿಯಬೇಕಿಲ್ಲ, ಕತ್ತರಿಸಬೇಕಿಲ್ಲ, ಒಂದು ಚೂರೂ ವ್ಯರ್ಥವಿಲ್ಲ. ಗಂಡಾಗಲಿ ಹೆಣ್ಣಾಗಲಿ, ಆಳಿಗೆ ನಾಲ್ಕು ಮೊಳ ಧಾರಾಳ.

ರಂಗಿ ಹಸಿರು ಸೀರೆಯ ಸೆರಗಿನ ತುದಿ ಹಿಡಿದುಕೊಂಡು ಅಂಗಳದ ಆ ಬದಿಗೆ ನಡೆದು ನಿಂತಳು. ಸಿದ್ದಗಂಗಮ್ಮ ಈ ಕಡೆಯಿಂದ ಮೊಣಕೈ ಇಟ್ಟು ಮೊಳ ಎಣಿಸುತ್ತ ಹೋದಳು. ಎಣಿಸಿದ ಕಡೆ ಹಲ್ಲಿನಿಂದ ಕಚ್ಚಿ ಒಂದು ಗಾಯ ಮಾಡಿ, ಎರಡೂ ಕೈಯಿಂದ ಎಳೆದಳು. ಸೀರೆ ನೇರವಾಗಿ ಹರಿಯಿತು. ಮತ್ತೆ ಅಳೆದಳು, ಮತ್ತೆ ಹರಿದಳು. ಆಮೇಲೆ ಬೂದು ಸೀರೆ. ಕೈ ತನ್ನ ಪಾಡಿಗೆ ಮಾಡುತ್ತಿತ್ತು, ಮನಸ್ಸು ಎಲ್ಲಿಯೂ ಇರಲಿಲ್ಲ. ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಸುಕ್ಕು ತೆಗೆದು, ಮೂಲೆಗೊಂದು ಕಲ್ಲು ಹೇರಿದರು. ಅತ್ತೆ ಮೂಡಲ ಕಡೆ, ಸೊಸೆ ಪಡುವಲ ಕಡೆ, ಎದುರುಬದುರು ಕೂತು ಸೂಜಿಗೆ ದಾರ ಪೋಣಿಸಿದರು.

ಎರಡು ಕೈ ಹೊಲಿಯುವ ಬೊಂತೆಯಲ್ಲಿ ಒಬ್ಬರ ಕೈ ಬಿಗಿ, ಒಬ್ಬರದು ಸಡಿಲ ಆದರೆ ಬಟ್ಟೆ ಒಂದು ಬದಿಗೆ ಎಳೆದುಕೊಂಡು ಸೊಟ್ಟಗಾಗುತ್ತದೆ. ಮದುವೆಯಾದ ಹೊಸದರಲ್ಲಿ ರಂಗಿಯದು ಬಿಗಿ ಕೈ. ಸಿದ್ದಗಂಗಮ್ಮ ಎಷ್ಟೋ ಸಲ ಬಿಚ್ಚಿಸಿ ಹೊಲಿಸಿದ್ದಳು. ಈಗ ಎರಡೂ ಹೊಲಿಗೆ ಪಕ್ಕಪಕ್ಕದಲ್ಲಿಟ್ಟರೆ ಯಾರದು ಯಾವುದೆಂದು ಹೊಲಿದವರಿಗೇ ತಿಳಿಯುತ್ತಿರಲಿಲ್ಲ.

ಹನ್ನೊಂದು ಗಂಟೆಗೆ ಎದುರುಮನೆಯ ಪುಟ್ಟತಾಯಮ್ಮ ಅವರೆಕಾಯಿ ಮೊರ ಹಿಡಿದುಕೊಂಡು ಬಂದು ಜಗುಲಿಯ ಮೇಲೆ ಕೂತಳು. ಊರಿನ ಸುದ್ದಿ ಹೇಳುತ್ತ ಕಾಯಿ ಬಿಡಿಸಿದಳು. ಆಮೇಲೆ ಮೆಲ್ಲಗೆ ಬುದ್ಧಿಮಾತಿಗೆ ಇಳಿದಳು. ನೌಕರಿ ಆಂಜನಪ್ಪನಿಗೆ ಕೊಡಿಸಿದ್ದೇ ಸರಿ, ಮಗ ಎಂದಿದ್ದರೂ ಮನೆಯವನು, ಸೊಸೆ ಇನ್ನೂ ಎಳೆ ಹೆಣ್ಣು, ನಾಳೆ ಯಾರನ್ನಾದರೂ ಕಟ್ಟಿಕೊಂಡರೆ ಏನು ಮಾಡುತ್ತೀಯ ಎಂದಳು. ಇದನ್ನೆಲ್ಲ ಅವಳು ರಂಗಿಯ ಎದುರಿಗೇ ಹೇಳಿದಳು. ಹಾಗೆಯೇ, ಧಾರೆಸೀರೆ ಇನ್ನು ಪೆಟ್ಟಿಗೆಯಲ್ಲಿದ್ದು ಏನು ಪ್ರಯೋಜನ, ಅದನ್ನೂ ಬೊಂತೆಯ ಒಳಗೆ ಹಾಕಿಬಿಟ್ಟರೆ ಬೆಚ್ಚಗಾಗುತ್ತಿತ್ತು ಎಂದಳು. ಸಿದ್ದಗಂಗಮ್ಮ ತಲೆ ಎತ್ತದೆ, ಅದು ಅವಳ ಸೀರೆ, ಅವಳ ಪೆಟ್ಟಿಗೆಯಲ್ಲಿರುತ್ತೆ ಎಂದು ಅಷ್ಟಕ್ಕೇ ಬಾಯಿ ಮುಚ್ಚಿಸಿದಳು.

ಪುಟ್ಟತಾಯಮ್ಮ ಮಾತು ಬದಲಿಸಬೇಕೆಂದು ಬೊಂತೆಯ ಮೇಲೆ ಕಣ್ಣಾಡಿಸಿದಳು. ಈ ತುದಿಯಿಂದ ಆ ತುದಿಗೆ ನೋಡಿ ನಕ್ಕಳು.

“ಇದೇನ್ ಸಿದ್ದಗಂಗಕ್ಕ, ಯಾರ್ಗೆ ಇಷ್ಟುದ್ದ? ರಂಗಿ ಇದ್ರೊಳ್ಗೆ ಎಲ್ಡ್ ಸತಿ ಮಲ್ಗಬೋದಲ್ಲ.”

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಹೊಳೆಯಿತು. ಮೊರ ಎತ್ತಿಕೊಂಡು, ಒಲೆಯ ಮೇಲೆ ಏನೋ ಇಟ್ಟು ಬಂದಿದೀನಿ ಎಂದು ಎದ್ದು ಹೋದಳು.

ಸಿದ್ದಗಂಗಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿ ಬಿಟ್ಟಳು. ಎದ್ದು ನಿಂತು, ಬಗ್ಗಿ, ಮೊಣಕೈಯಿಂದ ಅಳೆದಳು. ಐದು ಮೊಳ.

ಆ ಮನೆಯಲ್ಲಿ ಐದು ಮೊಳದ ಬೊಂತೆ ಹೊಲಿಯುತ್ತಿದ್ದದ್ದು ಒಬ್ಬನಿಗೆ ಮಾತ್ರ. ಶಿವರಾಮಯ್ಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುತ್ತಿದ್ದ ಆಳು. ನಾಲ್ಕು ಮೊಳದ ಹೊದಿಕೆಯಲ್ಲಿ ಅವನ ಪಾದ ಹೊರಗೇ ಉಳಿಯುತ್ತಿತ್ತು. ಅದಕ್ಕೇ ಅವನಿಗೆಂದರೆ ಸೀರೆ ಹರಿಯಬೇಕಿತ್ತು. ಹದಿನಾರರಲ್ಲಿ ಐದರಂತೆ ಮೂರು ತುಂಡು, ಮಿಕ್ಕ ಒಂದು ಮೊಳ ಒಲೆಯ ಬಟ್ಟೆಗೆ. ಇವತ್ತೂ ಎರಡು ಸೀರೆಯಿಂದ ಮಿಕ್ಕ ಎರಡು ಚೂರು ಚಾಪೆಯ ಪಕ್ಕದಲ್ಲೇ ಬಿದ್ದಿದ್ದವು. ಅವನ್ನು ಕಣ್ಣಾರೆ ನೋಡಿಯೂ ಅವಳಿಗೆ ತಿಳಿದಿರಲಿಲ್ಲ.

ಅಳು ಬರಬಹುದು ಎಂದು ಸ್ವಲ್ಪ ಹೊತ್ತು ನಿಂತಳು. ಬರಲಿಲ್ಲ. ಒಳ್ಳೆಯ ಎರಡು ಸೀರೆ ಹಾಳಾದವಲ್ಲ ಎಂದುಕೊಂಡಳು. ಅದೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕೂತಳು.

“ನಿಂಗೆ ಗೊತ್ತಿತ್ತೇನೇ?”

ರಂಗಿ ಹೊಲಿಗೆ ನಿಲ್ಲಿಸಿರಲಿಲ್ಲ. “ಹರಿದಾಗ ಗೊತ್ತಾಯ್ತು.”

“ಯಾಕ್ ಹೇಳ್ಲಿಲ್ಲ?”

“ನಾನೂ ಐದ್ ಮೊಳ ದೂರಕ್ಕೇ ಹೋಗಿ ನಿಂತ್ಕಂಡಿದ್ದೆ ಅತ್ತೆ. ನೀವು ಎಣ್ಸೋಕೆ ಮುಂಚೇನೇ.” ದಾರ ಕಚ್ಚಿ ತುಂಡು ಮಾಡಿ ಗಂಟು ಹಾಕಿದಳು. “ಇಬ್ರೂ ತಪ್ಪು ಮಾಡಿದ್ ಮ್ಯಾಲೆ ಯಾರ್ಗ್ ಯಾರ್ ಹೇಳೋದು.”

ಸಿದ್ದಗಂಗಮ್ಮ ಆ ಕಡೆ ನೋಡಿದಳು. ಬೆಳಗ್ಗೆ ರಂಗಿ ನಿಂತಿದ್ದ ಜಾಗದಲ್ಲಿ ಸಗಣಿ ಸಾರಿಸಿದ ನೆಲದ ಮೇಲೆ ಅವಳ ಹೆಜ್ಜೆ ಹಾಗೇ ಇತ್ತು. ಈ ನಾಲ್ಕು ತಿಂಗಳಲ್ಲಿ ಮನೆಗೆ ಬಂದವರು ಶಿವರಾಮನ ಗುಣ ಹೇಳಿದ್ದರು, ಅವನ ಸಂಬಳ ಹೇಳಿದ್ದರು, ಅವನ ಜಾಗಕ್ಕೆ ಯಾರು ಎಂದು ಕೇಳಿದ್ದರು. ಆಂಜನಪ್ಪನಂತೂ ಅಣ್ಣನ ಹೆಸರು ಎತ್ತಿದರೆ ಅದು ಕಚೇರಿಯ ಮಾತಿಗೇ ಆಗಿತ್ತು. ಅವನು ಕೆಟ್ಟವನಲ್ಲ. ತುಮಕೂರಿನಲ್ಲಿ ಅಣ್ಣನನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ಬೆನ್ನಿಗೆ ಹಾಕಿಕೊಂಡು ಹತ್ತಿದವನು ಅವನೇ. ಆದರೆ ಅವನ ಪಾಲಿಗೆ ಅಣ್ಣ ಸತ್ತಿದ್ದ. ಸಾಯದೆ ಉಳಿದಿದ್ದದ್ದು ಈ ಇಬ್ಬರು ಹೆಂಗಸರ ಕೈಕಾಲಿನಲ್ಲಿ ಮಾತ್ರ.

ಇದನ್ನು ಅವಳು ಇಷ್ಟು ಬಿಡಿಸಿ ಯೋಚಿಸಿದಳೆಂದಲ್ಲ. ಅವಳು ಯೋಚಿಸಿದ್ದು ಬೇರೆ. ಇವಳು ಹೋದ ಮೇಲೆ ರೊಟ್ಟಿ ಯಾರು ತಟ್ಟುತ್ತಾರೆ ಎಂದು ಯೋಚಿಸಿದಳು. ಕಡಬದಲ್ಲಿ ಅತ್ತಿಗೆಯ ಕೈಕೆಳಗೆ ಹಸು ಕಟ್ಟಿಕೊಂಡು, ಎಸ್ಸೆಲ್ಸಿ ಪಾಸಾದ ಹೆಣ್ಣು ಹತ್ತು ವರ್ಷಕ್ಕೆ ಹೇಗಿರುತ್ತಾಳೆ ಎಂದು ಯೋಚಿಸಿದಳು. ಊರ್ಡಿಗೆರೆಯ ಹೆಣ್ಣು ಬಂದು ತನ್ನನ್ನು ಹೇಗೆ ನೋಡಿಕೊಳ್ಳಬಹುದು ಎಂದೂ ಯೋಚಿಸಿದಳು. ಚೆನ್ನಾಗಿಯೇ ನೋಡಿಕೊಂಡರೂ ನೋಡಿಕೊಂಡಾಳು. ಕೂಡಿ ಕಳೆದರೆ ಲೆಕ್ಕ ಮೊದಲಿನಂತೆಯೇ ಮಗನ ಕಡೆಗೇ ಬರುತ್ತಿತ್ತು. ಆದರೆ ಕಣ್ಣೆದುರು ಐದು ಮೊಳ ಬಿದ್ದಿತ್ತು, ಅದರ ಆ ಬದಿಯಲ್ಲಿ ರಂಗಿ ತಲೆ ತಗ್ಗಿಸಿ ಹೊಲಿಯುತ್ತಿದ್ದಳು.

“ಕತ್ತರಿಸ್ಲಾ ಅತ್ತೆ? ಒಂದ್ ಮೊಳ ಮಡಿಸಿ ಹೊಲ್ದ್ರೂ ಆಯ್ತದೆ.”

“ಬ್ಯಾಡ ಬುಡು. ಹಂಗೇ ಹೊಲಿ.”

ಮತ್ತೆ ಎರಡು ಸೂಜಿಯೂ ಓಡಿದವು. ಬಿಸಿಲು ನೆತ್ತಿಗೆ ಬಂದರೂ ಗಾಳಿಯಲ್ಲಿ ಚಳಿ ಇತ್ತು. ಸುಟ್ಟ ಬೆರಳು ಈಗ ಸಣ್ಣಗೆ ಉರಿಯತೊಡಗಿತ್ತು.

ಎರಡು ಗಂಟೆಗೆ ಆಂಜನಪ್ಪ ಸೈಕಲ್ ಒರಗಿಸಿ ಒಳಗೆ ಬಂದ. ಹೊಸದಾಗಿ ಕ್ಷೌರ ಮಾಡಿಸಿಕೊಂಡಿದ್ದ. ಬೊಂತೆ ದಾಟಿಕೊಂಡು ಬಂದು, ಅತ್ತಿಗೆಯನ್ನು ಕಂಡು ಗೌರವಕ್ಕೆ ಒಂದು ನಗೆ ನಕ್ಕು, ಹೊಟ್ಟೆ ಹಸಿದೈತೆ ಎಂದ. ರಂಗಿ ಸಾರು ಬಿಸಿ ಮಾಡಲು ಒಳಗೆ ಹೋದಳು. ಸಿದ್ದಗಂಗಮ್ಮ ಎರಡು ರೊಟ್ಟಿ ಬಡಿಸಿ, ಪಕ್ಕದಲ್ಲಿ ಕೂತಳು. ಅವನು ಒಂದು ಕೈಯಲ್ಲಿ ತಿನ್ನುತ್ತ ಇನ್ನೊಂದು ಕೈಯಲ್ಲಿ ಜೇಬಿನಿಂದ ಛಾಪಾ ಕಾಗದ ತೆಗೆದು ತೊಡೆಯ ಮೇಲೆ ಹಾಸಿದ. ತುಮಕೂರಿನಲ್ಲೇ ಬರೆಸಿದ್ದು, ಒಂದು ಅಕ್ಷರ ತಪ್ಪಿಲ್ಲ, ನಾಳೆ ಬೆಳಗಿನ ರೈಲಿಗೆ ಹೋಗಿ ಕೊಟ್ಟುಬಂದರೆ ಮುಗಿಯಿತು ಎಂದ. ಆಮೇಲೆ ಅಂಗಿಯ ಇನ್ನೊಂದು ಜೇಬಿನಿಂದ ಸಣ್ಣ ಡಬ್ಬಿ ತೆಗೆದ.

“ನೋಡವ್ವ, ಇಂಕಿನ ಪ್ಯಾಡೂ ಇಸ್ಕಂಡ್ ಬಂದಿದೀನಿ. ನಿನ್ ಮಗಂಗೆ ಎಷ್ಟ್ ಮುಂದಾಲೋಚ್ನೆ ನೋಡು.”

ಸಿದ್ದಗಂಗಮ್ಮನಿಗೂ ಒಂದಿಷ್ಟು ನಗು ಬಂತು. ಇವನು ಎಲ್ಲಿದ್ದರೂ ಬದುಕುತ್ತಾನೆ ಎನ್ನಿಸಿತು. ಆ ಎಣಿಕೆ ಮಾತ್ರ ಇಷ್ಟು ದಿನ ಅವಳ ಲೆಕ್ಕದಲ್ಲಿ ಬಂದಿರಲಿಲ್ಲ.

“ನೌಕ್ರಿ ಆದ್ ಮ್ಯಾಲೆ ನಿಮ್ಮತ್ತಿಗೆಗೆ ಏನ್ಲಾ ಮಾಡ್ತೀಯ?”

“ಅತ್ತಿಗೆಗೇನವ್ವ. ಕಡಬದಲ್ಲಿ ತೋಟ ಐತೆ, ಅಣ್ಣ ಅವ್ನೆ. ಹಬ್ಬಕ್ಕೊಂದ್ ಸೀರೆ ಕಳ್ಸಾನ ಬುಡು.”

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಸಿದ್ದಗಂಗಮ್ಮ ಅವನ ತಟ್ಟೆಗೆ ಮೂರನೆಯ ರೊಟ್ಟಿ ಹಾಕಿದಳು.

“ನಾನು ಹೆಬ್ಬೆಟ್ಟು ಒತ್ತಲ್ಲ ಕಣೋ ಆಂಜಿ.”

“ಇವತ್ತ್ ಬ್ಯಾಡ ಅಂದ್ರೆ ನಾಳೆ ಬೆಳಿಗ್ಗೆ ಒತ್ತು.”

“ನಾಳೆನೂ ಇಲ್ಲ. ಅವ್ಳ್ ಹೆಸ್ರಿಗೆ ಬರೆಸು, ಒತ್ತುತೀನಿ.”

ಅವನು ಮೊದಲು ತಮಾಷೆ ಎಂದುಕೊಂಡ. ಆಮೇಲೆ ಅವ್ವನ ಮುಖ ನೋಡಿದ. ಕಾಗದವನ್ನೊಮ್ಮೆ, ಬಾಗಿಲಾಚೆ ಬಿದ್ದಿದ್ದ ಬೊಂತೆಯನ್ನೊಮ್ಮೆ ನೋಡಿದ. ಊರ್ಡಿಗೆರೆಯವರಿಗೆ ಮಾತು ಕೊಟ್ಟಾಗಿದೆ ಎಂದ. ಅವಳು ಸಂಬಳ ಹಿಡಿದುಕೊಂಡು ಅಣ್ಣನ ಮನೆಗೆ ಹೋದರೆ ನಿನ್ನನ್ನು ಯಾರು ಕೇಳುತ್ತಾರೆ ಎಂದ. ಸಿದ್ದಗಂಗಮ್ಮ, ಹೋದರೂ ಹೋಗಬಹುದು, ಅವಳ ಗಂಡನ ಕೆಲಸ ಅವಳದು ಎಂದಳು. ಅವನ ದನಿ ಇಳಿಯಿತು.

“ನಾನ್ ನಿನ್ ಹೊಟ್ಟೇಲ್ ಹುಟ್ಟಿದ್ದಲ್ವೇನವ್ವ?”

“ಹುಟ್ದೋನೇ. ಅದ್ಕೇ ಇನ್ನೊಂದ್ ರೊಟ್ಟಿ ತಿನ್ನು ಅಂತಿದೀನಿ.”

ಆಂಜನಪ್ಪ ತಿನ್ನಲಿಲ್ಲ. ಚೊಂಬು ಎತ್ತಿ, ಉಳಿದ ರೊಟ್ಟಿಯ ಮೇಲೆಯೇ, ತಟ್ಟೆಯಲ್ಲೇ ಕೈ ತೊಳೆದ. ಆ ಮನೆಯಲ್ಲಿ ಯಾರೂ ಹಾಗೆ ಮಾಡಿದವರಿಲ್ಲ. ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಜೋಪಾನವಾಗಿ ಮಡಿಸಿ ಜೇಬಿಗಿಟ್ಟ. ಒಳಗೆ ಹೋಗಿ ತನ್ನ ಎರಡು ಪ್ಯಾಂಟು, ಒಂದು ಟವಲು ಚೀಲಕ್ಕೆ ತುಂಬಿಕೊಂಡ. ಹೊಸಿಲು ದಾಟುವಾಗ ರಂಗಿ ಸಾರಿನ ಬಟ್ಟಲು ಹಿಡಿದು ನಿಂತಿದ್ದಳು. ಅವಳ ಕಡೆ ನೋಡಲಿಲ್ಲ. ಸೈಕಲ್ಲಿನ ಸದ್ದು ಓಣಿಯ ತಿರುವಿನವರೆಗೆ ಕೇಳಿಸಿತು.

ಸಿದ್ದಗಂಗಮ್ಮ ತಟ್ಟೆ ತೆಗೆದು, ನೀರಾದ ರೊಟ್ಟಿಯನ್ನು ಹಿತ್ತಲಿನ ಕೋಳಿಗಳಿಗೆ ಹಾಕಿ ಬಂದಳು. ಎದೆ ನೋಯುತ್ತದೇನೋ ಎಂದು ಕಾದಳು. ಏನೂ ಆಗಲಿಲ್ಲ. ಅಂಗಳಕ್ಕೆ ಬಂದು ಸೂಜಿ ಎತ್ತಿಕೊಂಡಳು. ರಂಗಿ ಎದುರಿಗೆ ಕೂತು, ಒಂದು ಸಾಲು ಹೊಲಿದು, ಬೇಡ ಅತ್ತೆ, ಅವರಿಗೇ ಕೊಟ್ಟುಬಿಡಿ, ಈಗಲೇ ಯಾರನ್ನಾದರೂ ಕಳಿಸಿ ಕೂಗಿಸಿ ಎಂದಳು. ಸಿದ್ದಗಂಗಮ್ಮ, ಹೊಲಿಗೆ ಬಿಗಿ ಆಗ್ತಾ ಇದೆ, ಸಡಿಲ ಬಿಡು ಎಂದಳು.

ರಾಮಾಂಜಿನಯ್ಯ ನಾಲ್ಕೂಕಾಲಿಗೆ ಬಂದ. ಚಳಿಗೆ ತಲೆಗೆ ಟವಲು ಸುತ್ತಿಕೊಂಡು, ಕೈಯಲ್ಲಿ ನಾಲ್ಕು ತೆಂಗಿನಕಾಯಿಯ ಚೀಲ ಹಿಡಿದಿದ್ದ. ಟ್ರಂಕು ಕಟ್ಟಿಟ್ಟಿದ್ದು ಕಂಡಿತು, ತಂಗಿ ಮಾತ್ರ ಹೊರಡುವವಳಂತೆ ಕಾಣಲಿಲ್ಲ. ಸಿದ್ದಗಂಗಮ್ಮ ಒಳಗೆ ಕರೆದು ಕೂಡಿಸಿ, ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಅವನು ಸಂಬಳ ಎಷ್ಟೆಂದು ಕೇಳಿದ. ಆಮೇಲೆ, ನಿಮ್ಮದು ದೊಡ್ಡ ಮನಸ್ಸು ಅತ್ತೆಮ್ಮ ಎಂದ. ಅವನ ಮಾತುಗಳ ಸರದಿಯನ್ನು ಸಿದ್ದಗಂಗಮ್ಮ ಗಮನಿಸಿದಳು.

“ಹಂಗಾದ್ರೆ ರಂಗಿ ನಮ್ಮನೇಲೇ ಇರ್ಲಿ,” ಎಂದ ರಾಮಾಂಜಿನಯ್ಯ. “ಕಡಬದಿಂದ ಬಸ್ಸು ಐತೆ. ದಿನಾ ಹೋಗಿ ಬತ್ತಾಳೆ.”

ಇದನ್ನು ಸಿದ್ದಗಂಗಮ್ಮ ಮೊದಲೇ ಎಣಿಸಿದ್ದಳು. ಕೊಟ್ಟ ಮೇಲೆ ಅದು ಅವಳ ಕೆಲಸ, ಅವಳ ಕಾಲು, ಎಲ್ಲಿಗೆ ಬೇಕಾದರೂ ನಡೆಯಲಿ. ತಾನು ಬಾಯಿ ಹಾಕಬಾರದೆಂದು ಎದ್ದು ಒಲೆಯ ಮುಂದೆ ಹೋಗಿ ಕೂತಳು. ಕಾಫಿಗೆ ನೀರಿಟ್ಟಳು. ಕಿವಿ ಮಾತ್ರ ನಡುಮನೆಯಲ್ಲೇ ಇತ್ತು.

ರಂಗಿ ತೆಂಗಿನಕಾಯಿಗಳನ್ನು ಚೀಲದಿಂದ ತೆಗೆದು ನೆಲಕ್ಕಿಡುವ ಸದ್ದು ಕೇಳಿತು. ಆಮೇಲೆ, “ಇಲ್ಲಣ್ಣ, ನಾನ್ ಇಲ್ಲೇ ಇರ್ತೀನಿ. ಅತ್ತೆ ಒಬ್ರೇ ಆಯ್ತಾರೆ,” ಎಂದಳು.

ಅಣ್ಣ ಇನ್ನೆರಡು ಸಲ ಕೇಳಿದ. ಊರಿನವರು ಏನನ್ನುತ್ತಾರೆ ಎಂದ. ರಂಗಿ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದಳು. ಕಡೆಗೆ ಅವನು ಕಾಫಿ ಕುಡಿದು, ಆರು ಗಂಟೆಯ ಬಸ್ಸು ತಪ್ಪಿದರೆ ಕಷ್ಟ ಎಂದು ಎದ್ದ. ತಂಗಿಗೆಂದು ಕಟ್ಟಿಟ್ಟಿದ್ದ ಎಂಟು ರೊಟ್ಟಿಯನ್ನು ಸಿದ್ದಗಂಗಮ್ಮ ಅವನ ಕೈಗೇ ಕೊಟ್ಟಳು. ಮಕ್ಕಳಿಗೆ ಆಗುತ್ತೆ ಎಂದು ಅವನು ಖುಷಿಯಿಂದಲೇ ಇಸಿದುಕೊಂಡ.

ಆ ಗುರುವಾರ ಅತ್ತೆ ಸೊಸೆ ರೈಲಿನಲ್ಲಿ ತುಮಕೂರಿಗೆ ಹೋದರು. ವರ್ಷಗಟ್ಟಲೆ ಸೂಜಿ ಒತ್ತಿ ಒತ್ತಿ ಸಿದ್ದಗಂಗಮ್ಮನ ಹೆಬ್ಬೆರಳಿನ ಗೆರೆ ಸವೆದಿತ್ತು. ಗುಮಾಸ್ತ ನಾಲ್ಕು ಸಲ ಒತ್ತಿಸಿಕೊಂಡ. ಆರ್ಡರು ಬರಲು ಜುಲೈ ಆಯಿತು. ಕೆಲಸ ಸಿಕ್ಕಿದ್ದು ಗುಬ್ಬಿಯಲ್ಲಲ್ಲ, ಕುಣಿಗಲ್ಲಿನಲ್ಲಿ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ, ಒಂದು ಅಡುಗೆಮನೆಯನ್ನು ಮೂವತ್ತು ರೂಪಾಯಿ ಬಾಡಿಗೆಗೆ ಹಿಡಿದರು. ಗುಬ್ಬಿಯ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಪುಟ್ಟತಾಯಮ್ಮನ ಹತ್ತಿರ ಕೊಟ್ಟು, ಆಂಜಿ ಬಂದರೆ ಕೊಡು ಎಂದರು. ಅವನು ಬರಲಿಲ್ಲ.

ಊರ್ಡಿಗೆರೆಯವರು ಹೆಣ್ಣನ್ನು ಬೇರೆ ಕಡೆ ಕೊಟ್ಟರು. ಆಂಜನಪ್ಪ ಖಾಸಗಿ ಬಸ್ಸಿಗೆ ಕಂಡಕ್ಟರ್ ಆಗಿ ಸೇರಿಕೊಂಡ. ಅಮೃತೂರು ಕಡೆಯ ಬಸ್ಸು, ದಿನಕ್ಕೆ ಎರಡು ಸಲ ಕುಣಿಗಲ್ ಸ್ಟ್ಯಾಂಡಿಗೆ ಬಂದು ಹೋಗುತ್ತಿತ್ತು. ಸಿದ್ದಗಂಗಮ್ಮ ಸೊಪ್ಪು ತರಲು ಹೋದಾಗ ಅವನು ಬಾಗಿಲಲ್ಲಿ ನಿಂತು ಊರುಗಳ ಹೆಸರು ಕೂಗುತ್ತಿದ್ದದ್ದು ಕೇಳುತ್ತಿತ್ತು. ಒಂದೆರಡು ಸಲ ಎದುರಾದರು. ಅವನು ಬೇರೆ ಕಡೆ ನೋಡಿ ಸೀಟಿ ಊದಿದ. ಮೈ ತುಂಬಿಕೊಂಡಿದ್ದಾನೆ, ಊಟಕ್ಕೆ ತೊಂದರೆ ಇಲ್ಲ ಎಂದು ಅವಳು ಮನೆಗೆ ಬಂದು ರಂಗಿಗೆ ಹೇಳಿದಳು. ಅಳಲಿಲ್ಲ.

ಒಂದೇ ವರ್ಷದಲ್ಲಿ ಸಿದ್ದಗಂಗಮ್ಮ ಇಬ್ಬರು ಮಕ್ಕಳನ್ನೂ ಕಳೆದುಕೊಂಡಳು, ಒಬ್ಬನನ್ನು ಕಾಮಾಲೆಗೆ, ಒಬ್ಬನನ್ನು ತನ್ನ ಮಾತಿಗೆ. ಅವಳಿಗೆ ಉಳಿದದ್ದು ಸೊಸೆ.